ಸಂಜೆಯ ಗಂಟು

ಕೋಳಿಯನ್ನು ಗೂಡಿಗೆ ಬಿಡಲು ಎತ್ತಿಕೊಂಡ ದರ್ಜಿಯ ಬೆರಳು ಅದರ ಕತ್ತಿನ ಬುಡದಲ್ಲಿ ನಿಂತುಬಿಟ್ಟಿತು. ಗರಿಯ ಅಡಿಯಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು! ಬೆಳಿಗ್ಗೆ ಹೊರಗೆ ಬಿಡುವಾಗ ಇರಲಿಲ್ಲ. ಹೋದ ವರ್ಷ ಹೆಂಡತಿಯ ಎದೆಯಲ್ಲಿ ಸಿಕ್ಕ ಗಂಟೂ ಇಷ್ಟೇ ಇತ್ತು.

"ಏನ್ರೀ, ಕಂಬದ ಹಾಗೆ ನಿಂತುಬಿಟ್ರಿ?" ಹಿತ್ತಿಲ ಬಾಗಿಲಲ್ಲಿ ಅವಳೇ. ಆಸ್ಪತ್ರೆಯಿಂದ ಹುಷಾರಾಗಿ ಬಂದವಳು ಹಟ ಹಿಡಿದು ತರಿಸಿಕೊಂಡ ಕೋಳಿಗಳಿವು. ಅವನು ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಬಚ್ಚಿಟ್ಟ. ರೆಕ್ಕೆ ಬಡಿಯುವ ಕೋಳಿಯನ್ನು ಎಷ್ಟು ಹೊತ್ತು ಬಚ್ಚಿಡಲಾದೀತು?

ತವರಲ್ಲಿ ಕೋಳಿಗಳ ನಡುವೆಯೇ ಬೆಳೆದವಳು ಅದನ್ನು ಕಿತ್ತುಕೊಂಡು, ಗಂಟು ಮುಟ್ಟಿ, ಪಕಪಕನೆ ನಕ್ಕಳು. "ಅಯ್ಯೋ, ಇದು ಕಾಳಿನ ಚೀಲ ಕಣ್ರೀ! ತಿಂದಿದ್ದೆಲ್ಲ ಮೊದಲು ಇಲ್ಲೇ ತುಂಬ್ಕೊಳ್ಳುತ್ತೆ. ಬೆಳಗಾಗೋ ಹೊತ್ತಿಗೆ ಇಳಿದುಹೋಗಿರುತ್ತೆ. ಬೇಕಾದ್ರೆ ಉಳಿದೆರಡನ್ನೂ ಮುಟ್ಟಿ ನೋಡಿ."

ಮುಟ್ಟಿದ. ಎರಡಕ್ಕೂ ಇತ್ತು. ಹೋದ ಜೀವ ಬಂದಂತಾಗಿ, ಅವನು ಗೂಡಿನ ಪಕ್ಕ ನೆಲದ ಮೇಲೇ ಕುಕ್ಕರಿಸಿದ. ಯಾಕೋ ಕಣ್ಣು ತುಂಬಿ ಬಂತು.

ಅವಳು ನಗು ನಿಲ್ಲಿಸಿ, ಅವನ ಎದುರು ಕುಳಿತು, ಅವನ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪಿನ ತುದಿಯಿಂದಲೇ ಕಣ್ಣೊರೆಸಿದಳು.

"ಹೊಟ್ಟೆ ತುಂಬಿದೆ ಅಂತ ಯಾರಾದ್ರೂ ಅಳ್ತಾರೇನ್ರೀ?"