ಹನ್ನೊಂದು ತಿಂಗಳ ಗೋಡೆ

"ಬಿಸಿಲು, ಮಳೆ ಮತ್ತು ಗಾಳಿಯ ಸತತ ಕ್ರಿಯೆಯಿಂದ ಕಲ್ಲುಗಳು ಕ್ರಮೇಣ ಸವೆದು, ಗೋಡೆಯು ತಾನಾಗಿಯೇ ಕುಸಿದಿರುತ್ತದೆ." ಮಹಜರಿನ ಈ ವಾಕ್ಯವನ್ನು ಜಲಜಾಕ್ಷಿ ಟೀಚರ್ ಎರಡು ಸಲ ಓದಿದರು. ವ್ಯಾಕರಣ ತಪ್ಪಿರಲಿಲ್ಲ. ಸಿದ್ಧಕಟ್ಟೆಯಾಚೆಯ ಕಲ್ಲಗುಡ್ಡೆ ಅಂಗನವಾಡಿಯ ಕಾಂಪೌಂಡು ಗೋಡೆಯ ಅರ್ಧಭಾಗ ನಿನ್ನೆ ಸಂಜೆ ಅಂಗಳಕ್ಕೆ ಬಿದ್ದಿತ್ತು. ಮಕ್ಕಳು ಮನೆಗೆ ಹೋಗಿ ಕಾಲು ಗಂಟೆಯಾಗಿತ್ತಷ್ಟೆ. ಗೋಡೆ ಕಟ್ಟಿ ಹನ್ನೊಂದು ತಿಂಗಳಾಗಿತ್ತು.

ಮಹಜರಿಗೆ ಊರಿನ ಗಣ್ಯರೊಬ್ಬರ ಸಹಿ ಬೇಕು. ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತರಾದವರಿಗಿಂತ ಈ ವಿಷಯದಲ್ಲಿ ದೊಡ್ಡ ಗಣ್ಯರು ಯಾರು? ಹಾಗೆಂದು ಗೋಡೆ ಕಟ್ಟಿಸಿದ ಗುತ್ತಿಗೆದಾರ ರಂಜಿತನೇ ಕಾರು ಕಳಿಸಿ ಅವರನ್ನು ಕರೆಸಿಕೊಂಡಿದ್ದ. ಅವನು ಅವರ ಹಳೆಯ ಶಿಷ್ಯನೂ ಹೌದು.

"ನೀವೇ ಕಲಿಸಿದ್ದಲ್ವಾ ಟೀಚರ್? ಬಿಸಿಲಿಗೆ ಕಲ್ಲು ಹಿಗ್ತದೆ, ತಂಪಿಗೆ ಕುಗ್ತದೆ. ಸಣ್ಣ ಬಿರುಕು ಬರ್ತದೆ, ಅದಕ್ಕೆ ನೀರು ಇಳೀತದೆ. ಹಾಗೇ ಬಂಡೆಯೂ ಮಣ್ಣಾಗ್ತದೆ. ಶಿಲಾ ಶಿಥಿಲೀಕರಣ!"

ಟೀಚರಿಗೆ ಕಣ್ಣು ತುಂಬಿ ಬರುವುದೊಂದೇ ಬಾಕಿ. ಎಂಟನೇ ಕ್ಲಾಸಿನಲ್ಲಿ ಇದೇ ಪ್ರಶ್ನೆಗೆ ಬಾಯಿ ಬಿಡದೆ ಬೆಂಚಿನ ಮೇಲೆ ನಿಂತ ಹುಡುಗ ಇವನು. "ಭಾರೀ ಚೆನ್ನಾಗಿ ಹೇಳಿದೆ ಮಾರಾಯ. ಒಂದು ಮಾತ್ರ ಬಿಟ್ಟುಹೋಯ್ತು. ಅದಕ್ಕೆ ಎಷ್ಟು ವರ್ಷ ಬೇಕು?"

"ಅದು... ನಮ್ಮ ಕಡೆ ಮಳೆ ಜಾಸ್ತಿ ಅಲ್ವಾ ಟೀಚರ್."

"ಹವಾಮಾನವೇ ಬದಲಾಗಿದೆ ಮೇಡಂ," ಎಂದು ಮಹಜರು ಬರೆದ ಪಂಚಾಯತ್ ಇಂಜಿನಿಯರು ಕೊಡೆಯ ಕೆಳಗಿನಿಂದ ವಿಜ್ಞಾನದ ಬೆಂಬಲವನ್ನೂ ಒದಗಿಸಿದರು.

ಟೀಚರ್ ಬಗ್ಗಿ, ಬಿದ್ದ ಕಲ್ಲಿಗೆ ಅಂಟಿದ್ದ ಗಾರೆಯ ತುಂಡೊಂದನ್ನು ಎತ್ತಿ ಎರಡು ಬೆರಳಲ್ಲಿ ಒತ್ತಿದರು. ರವೆಯ ಹಾಗೆ ಉದುರಿತು. ಹೊಯ್ಗೆಯೇನೋ ಇತ್ತು, ಸಿಮೆಂಟು ಮಾತ್ರ ಗಾಳಿಯ ಸತತ ಕ್ರಿಯೆಗೆ ಹಾರಿಹೋಗಿರಬೇಕು. ಅತ್ತ ಅಂಗಳದ ಮೂಲೆಯಲ್ಲಿ ಅಜ್ಜನ ಕಾಲದ ಬಾವಿಕಟ್ಟೆ, ಅದೇ ಕೆಂಪುಕಲ್ಲಿನದು, ಅದೇ ಮಳೆಯಲ್ಲಿ ಪಾಚಿ ಹೊದ್ದು ಅಲ್ಲಾಡದೆ ಕೂತಿತ್ತು. ಪಾಪ, ಅದಕ್ಕೆ ಭೂಗೋಳ ಗೊತ್ತಿರಲಿಲ್ಲ.

ಮುಂದಿನ ಸಾಲಿಗೆ ಬಂದಾಗ ಅವರ ಮುಖ ಬಿಗಿಯಿತು. "ಉಳಿದ ಭಾಗವು ಸುಭದ್ರವಾಗಿದ್ದು, ಸೋಮವಾರದಿಂದ ಅಂಗನವಾಡಿ ನಡೆಸಬಹುದು."

ಬಾಗಿಲಲ್ಲಿ ನಿಂತಿದ್ದ ಅಂಗನವಾಡಿ ಕಾರ್ಯಕರ್ತೆ ಮುರ್ಶಿದಾ ಮೆಲ್ಲನೆ ಹೇಳಿದಳು, "ಮಕ್ಕಳು ಕೈ ತೊಳೆಯುವ ನಳ್ಳಿ ಇರುವುದು ಆ ಗೋಡೆಯ ಬುಡದಲ್ಲೇ ಟೀಚರ್. ನಾನು ಹೇಳಿದ್ರೆ ಇವರು ಕೇಳುವುದಿಲ್ಲ."

"ಸಹಿ ಹಾಕ್ತೇನೆ," ಎಂದರು ಟೀಚರ್. "ಮುರ್ಶಿದಾ, ಒಂದು ಕುರ್ಚಿ ತಂದು ಆ ಗೋಡೆಗೆ ತಾಗಿಸಿ ಇಡು. ರಂಜಿತ, ನೀನು ಅಲ್ಲಿ ಒರಗಿ ಕೂತ್ಕೋ. ನನ್ನ ಓದು ನಿಧಾನ. ಅರ್ಧ ಗಂಟೆ ಸಾಕು."

ಮಳೆ ಜೋರಾಯಿತು. ರಂಜಿತ ಕುರ್ಚಿಯನ್ನು ನೋಡಿದ, ಗೋಡೆಯನ್ನು ನೋಡಿದ. "ಪರವಾಗಿಲ್ಲ ಟೀಚರ್, ನಾನು ನಿಂತೇ ಇರ್ತೇನೆ."

"ಹಾಗಾದ್ರೆ ಇಂಜಿನಿಯರು ಕೂರಲಿ."

ಇಂಜಿನಿಯರಿಗೆ ಅದೇ ಗಳಿಗೆಗೆ ಫೋನು ಬಂತು. ರಿಂಗಾದದ್ದು ಮಾತ್ರ ಬೇರೆ ಯಾರಿಗೂ ಕೇಳಿಸಲಿಲ್ಲ.

"ರಂಜಿತ, ನಿನ್ನ ಮಗಳು ಪ್ರಾಪ್ತಿಗೆ ಈಗ ನಾಲ್ಕು ವರ್ಷ ಅಲ್ವಾ? ಮೂಡುಬಿದಿರೆಗೆ ವ್ಯಾನಿನಲ್ಲಿ ಯಾಕೆ ಕಳಿಸ್ತೀ? ಸೋಮವಾರದಿಂದ ಇಲ್ಲಿಗೇ ಬರಲಿ. ಸುಭದ್ರ ಅಂತ ನೀವೇ ಬರೆದಿದ್ದೀರಿ."

ರಂಜಿತ ಮುಖ ಒರೆಸಿಕೊಂಡ. ಒರೆಸಿದ್ದು ಮಳೆಯ ನೀರನ್ನೇ ಎನ್ನೋಣ. ಇಂಜಿನಿಯರರತ್ತ ತಿರುಗಿ, "ಆ ಲೈನ್ ತೆಗೆಯುವ ಸರ್. ಉಳಿದದ್ದನ್ನೂ ಕೆಡವುವ," ಎಂದ. ಟೀಚರ್ ಆ ಸಾಲನ್ನು ತಾವೇ ಹೊಡೆದುಹಾಕಿದರು. ಮೊದಲ ವಾಕ್ಯದ ಬದಿಯಲ್ಲಿ ಗೋಡೆ ಕಟ್ಟಿದ ತಾರೀಕನ್ನು ದೊಡ್ಡದಾಗಿ ಬರೆದು, ಅದರ ಕೆಳಗೆ ಸಹಿ ಹಾಕಿದರು.

ಭಾನುವಾರ ಬಿಸಿಲು ಬಿದ್ದಿತ್ತು, ಎಲೆಯೂ ಅಲ್ಲಾಡುತ್ತಿರಲಿಲ್ಲ. ಗೋಡೆ ಕೆಡವಲು ಚಾಲಕ ಉಮ್ಮರ್ ಜೆಸಿಬಿ ತಂದು ಅಂಗಳದಲ್ಲಿ ತಿರುಗಿಸಿದ. ಧಡ್ ಎಂದು ಗೋಡೆ ಬಿತ್ತು. ಕೆಂಪು ಧೂಳು ಅಡಗುವುದಕ್ಕೂ ಕಾಯದೆ ಅವನು ಎರಡೂ ಕೈ ಮೇಲೆತ್ತಿ ಕೆಳಗೆ ಹಾರಿದ.

"ಅಲ್ಲಾಹನಾಣೆ ರಂಜಿತಣ್ಣ, ನಾನು ಇನ್ನೂ ಮುಟ್ಟಲೇ ಇಲ್ಲ!"