ದೇವರ ಮುಂದಿಟ್ಟ ಅಲಗು

ಬೀರೇಶ ಅಲಗಿನ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಮೆಲ್ಲಗೆ ಎಳೆದ. ಹರಿತವಿದ್ದರೆ ಕಚ್ಚಬೇಕಿತ್ತು. ಜಾರಿತು. ಸಾಣೆಕಲ್ಲಿಗೆ ನೀರು ಚಿಮುಕಿಸಿ ಮತ್ತೆ ಮಸೆಯಲು ಕುಳಿತ.

ಅವನ ಹೆಂಡತಿ ದಾನಮ್ಮ ಹೊಸ್ತಿಲ ಒಳಗೆ ನಿಂತು ನೋಡುತ್ತಿದ್ದಳು. ಅಪ್ಪನ ಕಾಲದ ಡಬ್ಬಿಯಿಂದ ಅವನು ಮೂರು ಬಾಣದ ಅಲಗು ತೆಗೆದಿದ್ದ. ಸೂಜಿಯಂಥದ್ದನ್ನು ಬದಿಗೆ ಸರಿಸಿದ. ಕೊಕ್ಕೆ ಇದ್ದದ್ದೂ ಬೇಡವಾಯಿತು. ಆರಿಸಿದ್ದು ಎಲೆಯಾಕಾರದ ಅಗಲ ಅಲಗು, ಎರಡೂ ಕಡೆ ಬಾಯಿದ್ದದ್ದು. ಚಿಂಚೋಳಿ ಕಾಡಿನ ಅಂಚಿನ ಆ ಊರಲ್ಲಿ ತೊಗರಿ ಹೂ ಬಿಟ್ಟಿತ್ತು. ಹಂದಿಗಳು ಹೊಲ ಹಾಳು ಮಾಡುತ್ತಿದ್ದವು. ಬೇಟೆಯಾಡಿದರೆ ಫಾರೆಸ್ಟಿನವರು ಹಿಡಿದೊಯ್ಯುತ್ತಾರೆಂದು ಎಲ್ಲರಿಗೂ ಗೊತ್ತು. ಆದರೆ ಬೀರೇಶನಿಗೆ ಬುದ್ಧಿ ಹೇಳುವ ಗಂಡಸು ಆ ಊರಲ್ಲಿ ಇನ್ನೂ ಹುಟ್ಟಿರಲಿಲ್ಲ.

ಅಲಗು ಹಂದಿಗಾಗಿ ಎಂಬುದನ್ನು ಊರು ನಂಬಿರಲಿಲ್ಲ. ಪಕ್ಕದ ಹೊಲ ಅವನ ತಮ್ಮ ದೇವಿಂದ್ರನದು. ಬದುವಿನ ಜಗಳದಲ್ಲಿ ಬೀರೇಶ ಅವನತ್ತ ಬೆರಳು ಮಾಡಿ, "ನನ್ನ ಗುರಿ ತಪ್ಪಂಗಿಲ್ಲ, ನೆನಪಿಡು" ಎಂದು ಎಲ್ಲರೆದುರು ಕೂಗಿದ್ದ.

"ಹಂದಿಗೇ ಹೌದೇನ್ರಿ?" ದಾನಮ್ಮ ಕೇಳಿದಳು.

"ಮೊದಲ ಹಂದಿ. ಆಮ್ಯಾಲ ಮನ್ಯಾಗಿನ ಹಿಸಾಬ್ ಅದ."

"ಅಷ್ಟ್ಯಾಕ ಮಸೀಲಿಕತ್ತೀರಿ?"

"ಮೊಂಡ ಅಲಗು ಹಂದಿಗಿ ಕೊಲ್ಲಂಗಿಲ್ಲ, ಕೆಣಕತದ. ಗಿಡದ ಮ್ಯಾಲಿನ ಅಟ್ಟದಾಗ ಕುಂತು ಬಾಣ ಬಿಡೋ ಹೇಡಿ ಅಲ್ಲ ನಾ. ಹೋಗು, ನೀರ ತಾ."

ಅವಳು ಎಡಗೈಯಲ್ಲೇ ಚೊಂಬು ಎತ್ತಿಕೊಂಡಳು. ಹೋದ ವರ್ಷ ಬಾವಿಕಟ್ಟೆಯಲ್ಲಿ ಜಾರಿಬಿದ್ದಳು ಎಂದು ಬೀರೇಶ ಊರಿಗೆಲ್ಲ ಹೇಳಿದಾಗಿನಿಂದ ಬಲಗೈ ಮಣಿಕಟ್ಟು ನೆಟ್ಟಗಾಗಿರಲಿಲ್ಲ.

ಆ ಮನೆಯಲ್ಲೊಂದು ಕಟ್ಟಳೆ ಇತ್ತು. ಮಸೆದ ಅಲಗನ್ನು ಬಾಣಕ್ಕೆ ಸಿಕ್ಕಿಸಿ, ಎಣ್ಣೆ ಸವರಿ, ಬಟ್ಟೆ ಸುತ್ತಿ ದೇವರ ಜಗಲಿಯ ಮೇಲಿಡಬೇಕು. ಬೇಟೆ ಎದುರಿಗೆ ಬರುವ ತನಕ ಬಿಚ್ಚಬಾರದು. ಮತ್ತೆ ಉಗುರಿಗೆ ಹಚ್ಚಿ ಪರೀಕ್ಷಿಸಿದರೆ ದೇವರ ಮೇಲೆ ಅನುಮಾನಪಟ್ಟಂತೆ. ಹೆಂಡತಿಯನ್ನು, ತಮ್ಮನನ್ನು, ನೆರೆಯವರನ್ನು ನಂಬದ ಬೀರೇಶ ಇದೊಂದನ್ನು ನಂಬುತ್ತಿದ್ದ.

ಸಂಜೆ ಅವನು ಬಾಣವನ್ನು ಜಗಲಿಗಿಟ್ಟು ಹೊರಗೆ ಹೋಗುವುದನ್ನೇ ಕಾದು ನೆರೆಮನೆಯ ಮುದುಕಿ ಲಾಲಮ್ಮ ಬಂದಳು.

"ನಿನ್ನ ಮೈದುನ ಹೊಲದಾಗೇ ಮಲಗ್ತಾನಲ್ಲವ್ವಾ. ಅವಗ ಒಂದು ಮಾತು ಹೇಳಿಬಿಡು. ನನಗ ಭಾಳ ಅಂಜಿಕಿ ಆಗ್ಯಾದ."

"ಹೇಳೀನಿ ಅತ್ತಿ," ಎಂದಳು ದಾನಮ್ಮ.

ಮುದುಕಿ ಹೋದ ಮೇಲೆ ದೀಪ ಹಚ್ಚಿದಳು. ಬಾಣ ಎತ್ತಿಕೊಂಡು ಬಟ್ಟೆ ಬಿಚ್ಚಿ, ಅಲಗಿನ ಎರಡೂ ಬಾಯಿಗಳನ್ನು ಬೀಸುಕಲ್ಲಿನ ಅಂಚಿಗೆ ತಿಕ್ಕಿದಳು. ಉಗುರಿನ ಮೇಲಿಟ್ಟು ಎಳೆದಳು. ಜಾರಿತು. ಮೊದಲಿನ ಹಾಗೆಯೇ ಬಟ್ಟೆ ಸುತ್ತಿ ಜಗಲಿಗೆ ಇಟ್ಟು, ತಲೆ ನೆಲಕ್ಕೆ ಹಚ್ಚಿದಳು.

"ಒಂದು ಜೀವವಾದರೂ ಉಳಿಸಪ್ಪಾ."

ನಸುಕಿನಲ್ಲಿ ಬೀರೇಶ ಬಾಣ ತೆಗೆದುಕೊಂಡು ಹೋದ. ಬಿಸಿಲೇರುವ ಹೊತ್ತಿಗೆ ಅವನ ಗೆಳೆಯ ಅಣವೀರ ಮತ್ತು ಇನ್ನಷ್ಟು ಜನ ಅವನನ್ನು ಹೊರಸಿನ ಮೇಲೆ ಹೊತ್ತು ತಂದರು. ತೊಡೆ ಸೀಳಿತ್ತು. ದಾರಿಯಲ್ಲೇ ಜೀವ ಹೋಗಿತ್ತು.

"ಬಾಣ ಬಡದಾದ ವೈನಿ, ಒಳಗ ಇಳದಿಲ್ಲ," ಅಣವೀರ ಅಳುತ್ತ ಹೇಳಿದ. "ಹಂದಿ ತಿರುಗಿ ಮೈಮ್ಯಾಲ ಬಂತು."

ಅವನು ತಂದಿಟ್ಟ ಬಾಣವನ್ನು ಲಾಲಮ್ಮ ಎತ್ತಿಕೊಂಡಳು. ಅವಳೂ ಬೇಟೆಗಾರರ ಮನೆಯ ಹೆಣ್ಣುಮಗಳು. ಅಲಗನ್ನು ಉಗುರಿಗೆ ಹಚ್ಚಿ ನೋಡಿ ಬೆಚ್ಚಿದಳು. ಗುಟ್ಟಾಗಿ ಸೆರಗಿನಡಿ ಮುಚ್ಚಿ, ದಾನಮ್ಮನ ಕಿವಿಯ ಬಳಿ ಬಾಗಿದಳು.

"ಮೈದುನನ ಜೀವ ಉಳಸಲಿಕ್ಕ ಹೋಗಿ ಗಂಡಗ ಕಳಕೊಂಡ್ಯಾ ನನ್ನವ್ವಾ! ನಾ ಯಾರಿಗೂ ಹೇಳಂಗಿಲ್ಲ, ಅಳಬ್ಯಾಡ."

ದಾನಮ್ಮ ಅವಳ ಹೆಗಲಿಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತಳು.

"ದೇವಿಂದ್ರಗ ಕರ್ಕೊಂಡು ಬರ್ರೋ, ಹೊಲದಾಗ ಇರ್ತಾನ," ಯಾರೋ ಕೂಗಿದರು. ಇಬ್ಬರು ಓಡಿದರು. ದಾನಮ್ಮ ಅವರನ್ನು ತಡೆಯಲಿಲ್ಲ.

ದೇವಿಂದ್ರನನ್ನು ಎರಡು ದಿನದ ಹಿಂದೆಯೇ, ಯಾರಿಗೂ ತಿಳಿಯದ ಹಾಗೆ, ಬುತ್ತಿ ಕಟ್ಟಿಕೊಟ್ಟು ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯ ಕೆಲಸಕ್ಕೆ ಬಸ್ಸು ಹತ್ತಿಸಿ ಬಂದವಳು ಅವಳೇ. ಹೊಲದಲ್ಲಿ ಗಂಡನ ಎದುರಿಗೆ ಹಂದಿಯ ಹೊರತು ಯಾರೂ ಇರುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.