ಕೈಬೀಸುವ ಪೆನ್ಸಿಲ್

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಲೈಲ್‌ಗೆ ಕೆಲಸ ಇರಲಿಲ್ಲ. ಎರಿ ಸರೋವರದಿಂದ ಬೀಸುವ ಆ ಗಾಳಿಯಲ್ಲಿ ಯಾರೂ ಮನೆಯ ಸೂರು ರಿಪೇರಿ ಮಾಡಿಸುವುದಿಲ್ಲ. ಹಾಗಾಗಿ ಐವತ್ತೊಂದನೆಯ ವಯಸ್ಸಿನಲ್ಲಿ ಅವನು ಪೆನ್ಸಿಲ್ ಆದ. ಏಳಡಿಯ ಹಳದಿ ಸ್ಪಂಜಿನ ವೇಷ, ಮುಖಕ್ಕೊಂದು ತೂತು, ತಲೆಯ ಮೇಲೆ ಕಪ್ಪು ಮೊನೆ. ದುಡ್ಡು ತೆಗೆದುಕೊಂಡು ಜನರ ತೆರಿಗೆ ರಿಟರ್ನ್ ತುಂಬಿಕೊಡುವ ಗಾರ್ಥ್ ಎಂಬವನ ಅಂಗಡಿಯ ಮುಂದೆ ನಿಂತು ಹೋಗಿ ಬರುವ ಕಾರುಗಳಿಗೆ ಕೈಬೀಸಬೇಕು. ದಿನಕ್ಕೆ ನಾಲ್ಕು ಗಂಟೆ, ಗಂಟೆಗೆ ಹನ್ನೊಂದು ಡಾಲರ್. ಹೆಂಡತಿ ರಾಕ್ಸಾನ್ ಹಲ್ಲಿನ ಡಾಕ್ಟರ ಹತ್ತಿರ ದುಡಿಯುತ್ತಿದ್ದಳು. ಅವಳ ಸಂಬಳ ಮನೆಸಾಲದ ಕಂತಿಗೇ ಸರಿಹೋಗುತ್ತಿತ್ತು. ಮನೆ ಬೆಚ್ಚಗಿಡುವ ಗ್ಯಾಸಿನ ಬಿಲ್ಲು ಪೆನ್ಸಿಲ್ಲಿನ ಪಾಲಿಗೆ.

ಗುಟ್ಟು ಒಂದಿತ್ತು. ಆರು ವರ್ಷ ಇದೇ ಗಾರ್ಥ್‌ಗೆ ಮುನ್ನೂರ ಹತ್ತು ಡಾಲರ್ ಕೊಟ್ಟು ರಿಟರ್ನ್ ತುಂಬಿಸುತ್ತಿದ್ದ ರಾಕ್ಸಾನ್, ಈ ಸಲ ಅಂಗಡಿಯ ಎದುರಿನ ಲೈಬ್ರರಿಗೆ ಹೋಗಿದ್ದಳು. ಅಲ್ಲಿ ಮಂಗಳವಾರ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಕೂತು ರಿಟರ್ನ್ ತುಂಬಲು ಹೇಳಿಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಎರಡು ಮಂಗಳವಾರ ಕೂತು, ಅವರನ್ನು ಕೇಳಿ ಕೇಳಿ, ಕಂಪ್ಯೂಟರಿನಲ್ಲಿ ಎಲ್ಲವನ್ನೂ ತಾನೇ ತುಂಬಿ ಕಳಿಸಿದ್ದಳು. ಅವತ್ತು ಮನೆಗೆ ಬಂದವಳು ಕೋಟು ಬಿಚ್ಚುವ ಮೊದಲೇ ಹೇಳಿದ್ದಳು: "ಆರು ವರ್ಷ ನಾವು ದುಡ್ಡು ಸುರಿದಿದ್ದು ಸಂಬಳದ ಚೀಟೀಲಿರೋ ಅಂಕಿ ಎತ್ತಿ ಬರೆಯೋಕೆ ಕಣೋ. ಆದ್ರೆ ಏಪ್ರಿಲ್ ಹದಿನೈದಕ್ಕೆ ರಿಟರ್ನ್ ಗಡುವು, ನಿನ್ನ ಕೆಲಸಾನೂ ಅವತ್ತಿಗೇ ಮುಗಿಯುತ್ತೆ, ಅಲ್ಲೀತನಕ ಬಾಯಿ ಬಿಡಬೇಡ. ನೀನು ಪೆನ್ಸಿಲ್ಲು. ಪೆನ್ಸಿಲ್ಲು ಮಾತಾಡಲ್ಲ."

ಗಾರ್ಥ್ ವಾರಕ್ಕೊಮ್ಮೆ ಕೇಳುತ್ತಿದ್ದ, ಕಾಗದಪತ್ರ ಯಾವಾಗ ತರುತ್ತೀಯ, ನಿನಗೆ ಇನ್ನೂರೈವತ್ತಕ್ಕೇ ಮಾಡಿಕೊಡುತ್ತೇನೆ ಎಂದು. ರಾಕ್ಸಾನ್ ಇನ್ನೂ ಹುಡುಕುತ್ತಿದ್ದಾಳೆ ಎಂದು ಲೈಲ್ ಜಾರಿಕೊಳ್ಳುತ್ತಿದ್ದ. ಗಾರ್ಥ್ ಕೆಟ್ಟವನೇನಲ್ಲ. ಹಿಮ ಬಿದ್ದ ದಿನ ತಾನೇ ಹೊರಗೆ ಬಂದು ಪೆನ್ಸಿಲ್ಲಿನ ಕೈಗೆ ಬಿಸಿ ಕಾಫಿ ಕೊಟ್ಟು ಹೋಗುತ್ತಿದ್ದ.

ಮಾರ್ಚಿನ ಮೊದಲ ಮಂಗಳವಾರ ಶಾಲೆಯ ಬಸ್ ಓಡಿಸುವ ಹೆಂಗಸೊಬ್ಬಳು ಲಕೋಟೆ ಹಿಡಿದು ಬಂದು ಅವನೆದುರು ನಿಂತಳು.

"ಏನಪ್ಪಾ ಪೆನ್ಸಿಲ್ಲು, ಒಳಗೆ ಎಷ್ಟು ಸುಲೀತಾರೆ?"

ಸ್ಪಂಜು ಕಿವಿ ಮುಚ್ಚಿತ್ತು. ಅವನು ಬಗ್ಗಿ, ಇನ್ನೊಮ್ಮೆ ಹೇಳಿಸಿಕೊಂಡ. ಅವಳ ಗಂಡ ಅಂಚೆ ಹಂಚುವವನಂತೆ. ಎರಡು ಸಂಬಳ, ಒಂದು ಮಗು, ಒಂದು ಮನೆಸಾಲ, ಅಷ್ಟೇ. ಹೆಚ್ಚುಕಡಿಮೆ ಲೈಲ್‌ನದೇ ಸಂಸಾರ.

"ಮುನ್ನೂರ ಹತ್ತು," ಎಂದ. ಅಲ್ಲಿಗೆ ನಿಲ್ಲಿಸಬೇಕಿತ್ತು. "ಎದುರುಗಡೆ ಲೈಬ್ರರೀಲಿ ಇವತ್ತು ಬಿಟ್ಟಿ. ಮೇಷ್ಟ್ರು ಪಕ್ಕದಲ್ಲಿರ್ತಾರೆ, ತುಂಬೋದು ನೀವೇ."

"ನೀನು ಇವರ ಕಡೆಯವನಲ್ವಾ?"

"ವೇಷ ಇವರದು."

ಅವಳು ನಕ್ಕು ರಸ್ತೆ ದಾಟಿದಳು. ಆಮೇಲೆ ಅವನಿಗೆ ತಡೆಯಲಾಗಲಿಲ್ಲ. ಕೇಳಿದವರಿಗೆಲ್ಲ ಹೇಳಿದನೆಂದಲ್ಲ. ಸ್ವಂತ ವ್ಯಾಪಾರದವರನ್ನು, ಬಾಡಿಗೆ ಮನೆಗಳಿದ್ದವರನ್ನು, ತಲೆಕೆಡಿಸುವ ಲೆಕ್ಕದವರನ್ನು ಒಳಗೇ ಕಳಿಸಿದ. ತನ್ನಂಥವರಿಗೆ ಮಾತ್ರ ಬಗ್ಗಿ ಹೇಳಿದ.

ಇಪ್ಪತ್ತೈದನೆಯ ತಾರೀಖು, ಮತ್ತೊಂದು ಮಂಗಳವಾರ, ಕೆಲಸ ಮುಗಿಯುವ ಹೊತ್ತಿಗೆ ಗಾರ್ಥ್ ಅವನನ್ನು ಒಳಗೆ ಕರೆದ. ಕೈಯಲ್ಲಿ ಕಾಫಿ ಇರಲಿಲ್ಲ.

"ಕಿಟಕಿಯಿಂದ ನೋಡ್ತಾನೇ ಇದೀನಿ ಲೈಲ್. ಜನ ಬರ್ತಾರೆ. ನೀನು ಬಗ್ತೀಯ. ನಿನ್ನ ಮೊನೆ ಲೈಬ್ರರಿ ಕಡೆ ತಿರುಗುತ್ತೆ. ಅವರು ರಸ್ತೆ ದಾಟ್ತಾರೆ. ನಾನು ದುಡ್ಡು ಕೊಡೋದು ಕೈಬೀಸೋಕೆ."

"ಅವರು ಕೇಳಿದ್ರು."

"ನಿನ್ನ ಕಾಗದಾನೂ ಅಲ್ಲಿಗೇ ಹೋಯ್ತಾ?"

"ಫೆಬ್ರವರೀಲೇ. ರಾಕ್ಸಾನ್ ತುಂಬಿದ್ಲು. ರೀಫಂಡೂ ಬಂತು, ಮೊನ್ನೆ ಶುಕ್ರವಾರ."

 ಎಷ್ಟು ಬಂತು ಎಂದು ಗಾರ್ಥ್ ಕೇಳಿದ. ಸಾವಿರದ ನೂರ ನಲವತ್ತು ಎಂದ ಲೈಲ್. ಗಾರ್ಥ್ ಕಣ್ಣು ಮುಚ್ಚಿಕೊಂಡ. ಆರು ವರ್ಷ ಅವರ ಲೆಕ್ಕ ನೋಡಿದವನು. ಮನಸ್ಸಿನಲ್ಲೇ ಕೂಡಿ ಕಳೆಯುವಾಗ ಅವನ ತುಟಿ ಅಲುಗುತ್ತಿತ್ತು.

"ಸರಿಯಾಗೇ ತುಂಬಿದ್ದಾಳೆ," ಎಂದ. "ವೇಷ ಬಿಚ್ಚಿಡು."

ರಾಕ್ಸಾನ್ ಒಲೆಯ ಮುಂದೆ ಹುರುಳಿಕಾಯಿ ಸೂಪು ಕದಡುತ್ತಿದ್ದಳು. ಲೈಲ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ. ಬೈಗುಳಕ್ಕೆ ತಯಾರಾಗಿ ಟೋಪಿ ಕೈಯಲ್ಲೇ ಹಿಡಿದಿದ್ದ. ಅವಳು ಸೌಟು ಕೆಳಗಿಟ್ಟಳು.

"ಏನಂದ? ಇನ್ನೊಂದ್ಸಲ ಹೇಳು."

"ವೇಷ ಬಿಚ್ಚಿಡು ಅಂದ."

"ಅದಲ್ವೋ. ಅದಕ್ಕೂ ಮುಂಚೆ."

"ಸರಿಯಾಗೇ ತುಂಬಿದ್ದಾಳೆ."

ಅವಳು ಮತ್ತೆ ಸೌಟು ಎತ್ತಿಕೊಂಡಳು, ಬೆನ್ನು ತಿರುಗಿಸಿ ಕದಡಿದಳು. ಕಿವಿಯ ತುದಿ ಕೆಂಪಾಗಿತ್ತು. ಈ ತಿಂಗಳ ಗ್ಯಾಸನ್ನು ರೀಫಂಡಿನಲ್ಲಿ ಕಟ್ಟೋಣ, ಸೂರಿನ ಕೆಲಸ ಶುರುವಾಗುವ ತನಕ ಮನೆಯೊಳಗೆ ಸ್ವೆಟರ್ ಹಾಕಿಕೊಂಡರಾಯಿತು ಎಂದಳು. ಮುಂದಿನ ವರ್ಷ ಗಾರ್ಥ್ ಕೊಟ್ಟ ಕೂಲಿಯನ್ನೂ ರಿಟರ್ನಿನಲ್ಲಿ ತೋರಿಸಬೇಕು, ಅದನ್ನು ಯಾವ ಸಾಲಿನಲ್ಲಿ ತುಂಬುವುದೆಂದೂ ತನಗೆ ಗೊತ್ತು ಎಂದಳು.

ಊಟವಾದ ಮೇಲೆ ಗ್ಯಾಸಿನ ಬಿಲ್ಲಿನ ಹಿಂಬದಿಯಲ್ಲಿ ಅವಳೇ ಲೆಕ್ಕ ಬರೆದಳು, ಅವನು ಬೆರಳು ಮಡಚಿ ಎಣಿಸಿ ಹೇಳಿದ. ರಸ್ತೆ ದಾಟಿಸಿದ್ದು ಹನ್ನೊಂದು ಜನರನ್ನು. ಗಾರ್ಥ್ ಕಳೆದುಕೊಂಡದ್ದು ಮೂರು ಸಾವಿರದ ನಾನೂರ ಹತ್ತು ಡಾಲರ್. ಲೈಲ್ ಕಳೆದುಕೊಂಡದ್ದು ಏಪ್ರಿಲ್ ಹದಿನೈದರ ತನಕ, ಭಾನುವಾರ ಬಿಟ್ಟು, ಹದಿನೆಂಟು ದಿನದ ಕೂಲಿ, ಏಳುನೂರ ತೊಂಬತ್ತೆರಡು ಡಾಲರ್. ಮತ್ತೆ ಎಡಗೈಯ ಗವಸು ಒಂದು, ಪೆನ್ಸಿಲ್ಲಿನೊಳಗೇ ಉಳಿದುಹೋಗಿತ್ತು.